ಕಾದಾಟದ ನಡುವೆ ಒಂದು ಕಪ್ ಚಹಾ

ನಮ್ಮ ಕಮತಗಿ ಕಡೆ ದೊಡ್ಡಾಟ ನೋಡಿದವರಿಗೆ ಸಾರಥಿ ಗೊತ್ತು. ರಂಗಕ್ಕೆ ಬಂದ ರಾಜನ ಹೆಸರು, ಊರು ಕೇಳಿ, ನಡುವೆ ನಗಿಸಿ, ಯುದ್ಧವನ್ನು ಅಷ್ಟು ಹೊತ್ತು ತಡೆದಿಡ್ತಾನೆ. ಆ ಮಾತುಕತೆ ಇಲ್ಲದಿದ್ರೆ ಆಮೇಲೆ ಬೀಳುವ ವೀರ ನಮಗೆ ಯಾರೋ ಏನೋ.

ಸರದಿ ಪ್ರಕಾರ ಸೈನಿಕರನ್ನು ನಡೆಸುವ ವಿಡಿಯೊ ಗೇಮ್‌ಗಳಲ್ಲೂ ನಾನು ಮೊದಲು ನೋಡೋದು ಇದನ್ನೇ: ಎರಡು ಕದನಗಳ ನಡುವೆ ಏನಿದೆ?

2019ರ ‘ಫೈರ್ ಎಂಬ್ಲೆಮ್: ತ್ರೀ ಹೌಸಸ್’ನಲ್ಲಿ ನಾವು ಮಠದ ಶಾಲೆಯ ಮೇಷ್ಟ್ರು. (ಮಠದಲ್ಲಿ ಶಾಲೆ ನಮಗೇನು ಹೊಸದಲ್ಲ ಬಿಡಿ.) ತಿಂಗಳ ಕೊನೆಗೆ ಯುದ್ಧ, ಅಲ್ಲಿವರೆಗೆ ಪಾಠ, ಮೀನು ಹಿಡಿಯೋದು, ಹುಡುಗರ ಜೊತೆ ಊಟ, ಚಹಾ. ಬೇರೆ ಗುಂಪಿನ ಹುಡುಗರನ್ನು ನಮ್ಮ ಕಡೆ ಸೆಳೆಯೋಕೆ ಸಿಗೋದೂ ಈ ಬಿಡುವಿನ ದಿನಗಳೇ. ಸೆಳೆಯದಿದ್ರೆ, ಕಥೆಯಲ್ಲಿ ಐದು ವರ್ಷ ಕಳೆದ ಮೇಲೆ ಅವರಲ್ಲಿ ಕೆಲವರು ಎದುರು ಪಾಳೆಯದಲ್ಲಿ ನಿಂತಿರ್ತಾರೆ. ಚಹಾ ಕುಡಿಸಿದವನ ಮೇಲೆ ಬಾಣ ಬಿಡೋಕೆ ಕೈ ಬರಂಗಿಲ್ಲ.

ಆದ್ರೆ ಎರಡನೇ ಸಲ ಆಡುವಾಗ ಅದೇ ಮಠ ಸುತ್ತಿ, ಯಾರೋ ಕಳ್ಕೊಂಡ ವಸ್ತು ಯಾರಿಗೋ ಕೊಡೋದು ಟೈಮ್‌ಶೀಟ್ ತುಂಬಿದ ಹಾಗೆ!

2016ರ ‘ಎಕ್ಸ್‌ಕಾಮ್ 2’ ದಾರಿ ಬೇರೆ. ಗಾಯಗೊಂಡ ಸೈನಿಕ ದಿನಗಟ್ಟಲೆ ಮಲಗಿರ್ತಾನೆ, ಅತ್ತ ಶತ್ರುವಿನ ‘ಅವತಾರ್’ ಯೋಜನೆಯ ಕೆಂಪು ಚೌಕಗಳು ತುಂಬುತ್ತಾ ಹೋಗ್ತವೆ. ಅವನಿಗಾಗಿ ಕಾಯೋದಾ, ಪಳಗದ ಹುಡುಗನ್ನ ಕಳಿಸೋದಾ? ಸತ್ತವರು ವಾಪಸ್ ಬರಲ್ಲ. ಬಿಡುವಿನಲ್ಲೂ ಎದೆ ಡವಡವ ಅನ್ನೋದು ಇಲ್ಲೇ, ನನಗೆ ಹಿಡಿಸಿದ್ದೂ ಇದೇ.

ಈ ಆಟ ಫೋನಿಗೂ ಬಂದಿದೆ. ಕದನವನ್ನು ರಾತ್ರಿಗೆ ಇಟ್ಕೊಳ್ಳಿ. ಯಾರನ್ನು ಕಳಿಸೋದು ಅನ್ನೋದನ್ನ ಬಸ್ಸಲ್ಲಿ ಕೂತು ಯೋಚಿಸಬಹುದು.