ಮುದ್ದಿನ ನಾಯಿ ನೆಕ್ಕಿದರೆ ಏನಾಗುತ್ತೆ?

ನಾಯಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಪ್ರಾಣ. ರಜೆಗೆ ಊರಿಗೆ ಹೋದರೆ ಗೇಟಿನ ಹತ್ತಿರ ಮೊದಲು ಓಡಿ ಬರೋದೇ ಅದು. ಎತ್ತಿ ಮುದ್ದಾಡ್ತೀವಿ, ಮುಖ ನೆಕ್ಕಿದರೂ ಸುಮ್ಮನಿರ್ತೀವಿ, ಹಾಸಿಗೆಯಲ್ಲೂ ಮಲಗಿಸಿಕೊಳ್ತೀವಿ. ಯಾರಾದರೂ ಗದರಿದರೆ "ಮನೆ ನಾಯಿ ತಾನೇ, ಏನಾಗುತ್ತೆ?" ಅಂತೀವಿ. ನಿಜವಾಗಿ ಏನಾಗಬಹುದು ಅಂತ ನೋಡೋಣ.

ಎಲ್ಲಕ್ಕಿಂತ ದೊಡ್ಡ ಅಪಾಯ ರೇಬೀಸ್. ರೋಗ ತಗುಲಿದ ನಾಯಿಯ ಜೊಲ್ಲಿನಲ್ಲಿ ಇದರ ವೈರಸ್ ಇರುತ್ತದೆ. ಹಾಗಾಗಿ ನಾಯಿ ಕಚ್ಚಲೇಬೇಕು ಅಂತೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 3 ವರ್ಗಗಳಾಗಿ ವಿಂಗಡಿಸಿದೆ:

1. ನಾಯಿಯನ್ನು ಮುಟ್ಟಿದರೆ, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದರೆ: ತೊಳೆದುಕೊಂಡರೆ ಸಾಕು, ಲಸಿಕೆ ಬೇಡ.
2. ರಕ್ತ ಬಾರದಂತೆ ಸ್ವಲ್ಪ ಪರಚಿದ್ದರೆ: ಲಸಿಕೆ ಬೇಕು.
3. ರಕ್ತ ಬರುವಂತೆ ಕಚ್ಚಿದ್ದರೆ ಅಥವಾ ಪರಚಿದ್ದರೆ, ಗಾಯದ ಮೇಲೆ ನೆಕ್ಕಿದ್ದರೆ, ಕಣ್ಣು ಬಾಯಿಗೆ ಜೊಲ್ಲು ತಾಗಿದ್ದರೆ: ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು.

ಮುಖ ನೆಕ್ಕಿಸಿಕೊಳ್ಳೋದು ಎಲ್ಲಿಗೆ ತಲುಪಬಹುದು ಅಂತ ಮೂರನೆಯದನ್ನು ಓದಿದರೆ ತಿಳಿಯುತ್ತೆ. ನಿಮ್ಮ ನಾಯಿಗೆ ಲಸಿಕೆ ಆಗಿದ್ದರೆ ಅಪಾಯ ತುಂಬಾ ಕಡಿಮೆ. ಆದರೂ ಚಿಕಿತ್ಸೆ ಬೇಕೋ ಬೇಡವೋ ಅನ್ನೋದನ್ನು ವೈದ್ಯರೇ ಹೇಳಲಿ.

ವೈರಸ್ ನರಗಳ ಮೂಲಕ ನಿಧಾನವಾಗಿ ಮೆದುಳಿನ ಕಡೆ ಸಾಗುತ್ತದೆ. ಸಾಮಾನ್ಯವಾಗಿ 2-3 ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಒಂದೇ ವಾರ ಸಾಕು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯೋದು ತೀರಾ ಅಪರೂಪ. ಅದಕ್ಕೇ "ನಾಳೆ ನೋಡೋಣ" ಅನ್ನಬಾರದು.

ಗಾಯವಾದ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ. ಸೋಪು ಅದನ್ನು ಒಡೆಯುತ್ತದೆ. ಸುಣ್ಣ, ಅರಿಶಿನ, ಮೆಣಸಿನ ಪುಡಿ ಯಾವುದನ್ನೂ ಹಚ್ಚಬೇಡಿ. ಹೊಕ್ಕಳ ಸುತ್ತ 14 ಇಂಜೆಕ್ಷನ್ ಚುಚ್ಚುತ್ತಿದ್ದ ಕಾಲ ಹೋಯ್ತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆಯನ್ನು ತೋಳಿನ ಚರ್ಮಕ್ಕೆ ಕೊಡ್ತಾರೆ. ಮೊದಲ ದಿನವನ್ನು 0 ಅಂತ ಎಣಿಸಿದರೆ 0, 3, 7, 28ನೇ ದಿನಗಳಲ್ಲಿ ಹೋಗಬೇಕು.

ಇನ್ನು ಹುಳುಗಳ ವಿಷಯ. ಮರಿಗಳಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಟಾಕ್ಸೊಕಾರಾ ಎಂಬ ದುಂಡುಹುಳು ಸೇರಬಹುದು. ಇದರ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಂದು, ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆ ನಮಗೆ ಅಂಟುತ್ತದೆ. ಹೆಚ್ಚು ತೊಂದರೆ ಮಣ್ಣಿನಲ್ಲಿ ಆಡುವ ಪುಟ್ಟ ಮಕ್ಕಳಿಗೆ. ಮರಿಹುಳು ಕಣ್ಣಿಗೆ ಸೇರಿದರೆ ದೃಷ್ಟಿಗೇ ಕುತ್ತು. ಕುರಿಯ ಹಸಿ ಪಿತ್ತಜನಕಾಂಗ, ಶ್ವಾಸಕೋಶ ತಿನ್ನುವ ನಾಯಿಯಿಂದ ಇನ್ನೊಂದು ಜಾತಿಯ ಹುಳುವಿನ ಮೊಟ್ಟೆ ನಮ್ಮ ಹೊಟ್ಟೆ ಸೇರಿ, ಪಿತ್ತಜನಕಾಂಗದಲ್ಲಿ ನೀರುಗುಳ್ಳೆಗಳು ಬೆಳೆಯಬಹುದು. ಹುಳುಕಡ್ಡಿಯಂಥ ಚರ್ಮರೋಗ ಬರೀ ಮುಟ್ಟಿದರೂ ಹರಡುತ್ತದೆ.

ಇಷ್ಟಕ್ಕೆ ಹೆದರಿ ನಾಯಿಯನ್ನು ದೂರ ಮಾಡಬೇಕಿಲ್ಲ. ಮರಿಗೆ 3 ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷ, ಕಾಲಕಾಲಕ್ಕೆ ಹುಳದ ಔಷಧಿ, ಮುದ್ದಾಡಿದ ಮೇಲೆ ಕೈತೊಳೆಯೋದು, ಇಷ್ಟಿದ್ದರೆ ಬಹುಪಾಲು ಅಪಾಯ ತಪ್ಪುತ್ತದೆ. ಇವತ್ತು ಮನೆಗೆ ಫೋನ್ ಮಾಡಿದಾಗ ಒಂದು ಮಾತು ಕೇಳಿ: "ನಮ್ಮ ನಾಯಿಗೆ ಈ ವರ್ಷ ಇಂಜೆಕ್ಷನ್ ಹಾಕಿಸಿದ್ರಾ?"