ಹಳೇ ಕಂಪ್ಯೂಟರಿನ ಧೂಳು ಕೊಡವಿದ್ದು

ಸ್ವಿಚ್ ಒತ್ತಿ, ಹಸುವಿಗೆ ಹುಲ್ಲು ಹಾಕಿ, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಮಗನ ಬಿ.ಕಾಂ. ಓದಿಗೆಂದು 2013ರಲ್ಲಿ ತಂದ ಕಂಪ್ಯೂಟರು. ಅವನು ಬೆಂಗಳೂರು ಸೇರಿದ ಮೇಲೆ ನನ್ನ ಪಾಲಿಗೆ ಬಂತು. ಚಿಕ್ಕಯ್ಯನಛತ್ರದ ಸುತ್ತಮುತ್ತ ಯಾರಿಗಾದರೂ ಅರ್ಜಿ, ನಾಲೆ ನೀರಿನ ಮನವಿ, ಲಗ್ನಪತ್ರಿಕೆಯ ಒಕ್ಕಣೆ ಬೇಕಾದರೆ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿಕೊಡುವುದು ರಿಟೈರಾದ ಮೇಷ್ಟರಾದ ನನ್ನ ಕೆಲಸ.

“ಇದರ ಕಥೆ ಮುಗೀತು ಸಾರ್, ಹೊಸದು ತಗೊಳ್ಳಿ” ಎಂದ ಒಬ್ಬ ಅಂಗಡಿಯವನು. ನಂಜನಗೂಡಿನಲ್ಲಿರುವ ಅಕ್ಕನ ಮಗ ಒಪ್ಪಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದ. ಪ್ರೊಸೆಸರಿನ ಮೇಲೆ ಶೇ. 9ರಷ್ಟು ಹೊರೆ, ಡಿಸ್ಕಿನ ಮೇಲೆ ಶೇ. 100.

“ನೋಡಿ ಮಾವ, ತಲೆ ಚೆನ್ನಾಗೇ ಇದೆ. ಕಣಜದಿಂದ ಕಾಳು ತಂದುಕೊಡೋನೇ ಕುಂಟ್ತಾ ಇರೋದು.”

ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಓಡಾಡುವ ಸಣ್ಣ ತೋಳು. ಒಂದೇ ದೊಡ್ಡ ಫೈಲಾದರೆ ಸರಾಗವಾಗಿ ಓದುತ್ತದೆ. ಆದರೆ ಕಂಪ್ಯೂಟರ್ ಏಳುವಾಗ ಬೇಕಾಗುವುದು ಚದುರಿಬಿದ್ದ ಸಾವಿರಾರು ಚೂರುಗಳು. ಹುಡುಕಾಟದಲ್ಲೇ ಹೊತ್ತು ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದೇ ಇಲ್ಲ, ಬರೀ ಚಿಪ್ಪು. ಹಾರ್ಡ್ ಡಿಸ್ಕ್ ತೆಗೆದು ಅದನ್ನು ಹಾಕಿದ್ದಕ್ಕೇ, ಏಳಲು ಹಿಡಿಯುತ್ತಿದ್ದ ನಾಲ್ಕು ನಿಮಿಷ ಹೋಗಿ ಇಪ್ಪತ್ತೈದು ಸೆಕೆಂಡಾಯಿತು.

ರ‍್ಯಾಮ್ ತರುವ ಉಮೇದು ನನ್ನದು, ಎಡವಿದ್ದೂ ನಾನೇ. ಡಿಡಿಆರ್ 4 ತಂದುಬಿಟ್ಟೆ. ನಮ್ಮದು ಡಿಡಿಆರ್ 3. ಪಟ್ಟಿಯ ಅಂಚಿನ ಕಚ್ಚು ಒಂದಿಷ್ಟು ಆಚೀಚೆ ಇರುತ್ತದೆ, ಎಷ್ಟು ಒತ್ತಿದರೂ ಕೂರುವುದಿಲ್ಲ. ಪುಣ್ಯಕ್ಕೆ ಜೋರಾಗಿ ಒತ್ತಲಿಲ್ಲ. ಹಳೆಯ ಪಟ್ಟಿಯ ಮೇಲಿನ ಚೀಟಿ ಓದಿಕೊಂಡು ಹೋಗಿದ್ದರೆ ಬಸ್ ಚಾರ್ಜಾದರೂ ಉಳಿಯುತ್ತಿತ್ತು.

ಕ್ಯಾಬಿನೆಟ್ ಬಿಚ್ಚಿದಾಗ ಮಾತ್ರ ನಾಚಿಕೆಯಾಯಿತು. ಪ್ರೊಸೆಸರಿನ ಫ್ಯಾನಿನಡಿ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಭತ್ತದ ಕೊಯ್ಲಿನ ಹೊಟ್ಟು, ರಸ್ತೆಯ ಕೆಮ್ಮಣ್ಣು, ಮೂಲೆಯಲ್ಲಿ ಎರಡು ಹಲ್ಲಿಮೊಟ್ಟೆ. ಶಾಖ ಹೊರಹೋಗದಿದ್ದರೆ ಪ್ರೊಸೆಸರು ಸುಟ್ಟುಕೊಳ್ಳದಿರಲೆಂದು ತಾನಾಗಿ ವೇಗ ಇಳಿಸಿಕೊಳ್ಳುತ್ತದಂತೆ. ಬೇಸಿಗೆಯ ಮಧ್ಯಾಹ್ನ ಅದು ಇನ್ನೂ ಮಂಕಾಗುತ್ತಿದ್ದುದೇಕೆಂದು ಆಗ ಹೊಳೆಯಿತು. ಪ್ಲಗ್ ಕಿತ್ತು, ಪೇಂಟ್ ಬ್ರಷ್ಷಿನಿಂದ ಗುಡಿಸಿ, ಸೈಕಲ್ ಪಂಪಿನಿಂದ ಊದಿದೆವು. ಫ್ಯಾನು ಗಿರಗಿರ ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡಿರಬೇಕು. ಹಳೆಯ ಥರ್ಮಲ್ ಪೇಸ್ಟ್ ಒಣಗಿ ವಿಭೂತಿಯಾಗಿತ್ತು. ಒರೆಸಿ, ಬಟಾಣಿಕಾಳಿನಷ್ಟು ಹೊಸದು ಹಾಕಿದ ಅಕ್ಕನ ಮಗ.

ಇದರಲ್ಲಿದ್ದ ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ನಮ್ಮ ಮೂರನೇ ತಲೆಮಾರಿನ ಐ3 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅದಕ್ಕೇ ಲಿನಕ್ಸ್ ಮಿಂಟ್ ಹಾಕಿದ. ದುಡ್ಡಿಲ್ಲ, ಭಾರವೂ ಕಡಿಮೆ. ಕೀಲಿಮಣೆಗೆ ನುಡಿಯಲ್ಲಿದ್ದ ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ ಇಲ್ಲೂ ಸಿಕ್ಕಿದ್ದರಿಂದ ಬೆರಳಿಗೆ ಹೊಸ ಪಾಠವಾಗಲಿಲ್ಲ.

ಆಮೇಲೆ 2016ರ ನಾಲೆ ಮನವಿ ತೆರೆದರೆ ಎದೆ ಧಸಕ್ಕೆಂದಿತು. ಪುಟದ ತುಂಬ ಕೊಂಬು, ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರ. ಯೂನಿಕೋಡ್‌ಗೆ ಮುಂಚಿನ ಶೈಲಿಯ ನುಡಿ ಕಡತಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಹಳೆಯ ಡಿಸ್ಕನ್ನು ಎಸೆಯದೆ ಇಟ್ಟಿದ್ದೆವು. ಅದರ ಫಾಂಟ್ಸ್ ಫೋಲ್ಡರಿನಿಂದ ‘ನುಡಿ 01 ಇ’ ಕಾಪಿ ಮಾಡಿ ಮತ್ತೆ ತೆರೆದ. ಮೊದಲ ಸಾಲಿನಲ್ಲಿ ‘ಮಾನ್ಯರೆ’ ಮೂಡಿತು.