ಕಾರ್ನಿಯಾ: ಪದರ ನೋಡಿ ಮದ್ದು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕುಟುಂಬದವರು ಅವರ ಕಣ್ಣುಗಳನ್ನು ದಾನ ಮಾಡಿದರು. ಒಂದು ಜೋಡಿ ಕಣ್ಣಿನಿಂದ ಸಾಮಾನ್ಯವಾಗಿ ಇಬ್ಬರಿಗೆ ದೃಷ್ಟಿ ಬರುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವನ್ನು ನಾಲ್ವರಿಗೆ ಹಂಚಿದರು. ಪ್ರತಿ ಕಾರ್ನಿಯಾವನ್ನೂ ಎರಡಾಗಿ ಬಿಡಿಸಿ, ಮುಂದಿನ ಪದರವನ್ನು ಒಬ್ಬರಿಗೆ, ಹಿಂದಿನದನ್ನು ಇನ್ನೊಬ್ಬರಿಗೆ ಕಸಿ ಮಾಡಿದರು. ತೊಂದರೆ ಯಾವ ಪದರದಲ್ಲಿದೆಯೋ ಅದಕ್ಕಷ್ಟೇ ಚಿಕಿತ್ಸೆ ಕೊಡುವುದು ಇಂದಿನ ಕ್ರಮ.

ಕಣ್ಣಿನ ಕಪ್ಪು ಭಾಗದ ಮುಂದಿರುವ ಪಾರದರ್ಶಕ ಹೊದಿಕೆಯೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರೊಳಗೆ ರಕ್ತನಾಳಗಳಿಲ್ಲ, ಬೇಕಾದ ಆಮ್ಲಜನಕದ ಬಹುಪಾಲು ಕಣ್ಣೀರಿನ ಮೂಲಕ ಗಾಳಿಯಿಂದಲೇ ಬರುತ್ತದೆ.

ಹಳ್ಳಿಗಳಲ್ಲಿ ಮೊದಲು ಪೆಟ್ಟು ತಿನ್ನುವುದು ಮೇಲ್ಪದರ. ಒಕ್ಕಣೆಯಲ್ಲಿ ಹಾರಿದ ಭತ್ತದ ಹೊಟ್ಟೋ ಕಬ್ಬಿನ ಗರಿಯೋ ಕಣ್ಣಿಗೆ ತಾಗಿ ಗೀರಾದರೆ, ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳು ಅಲ್ಲಿ ನೆಲೆಯೂರುತ್ತವೆ. ಕಣ್ಣು ಕೆಂಪಾಗಿ, ನೀರು ಸುರಿದು, ಬೆಳಕು ಕಂಡರೆ ಚುಚ್ಚುತ್ತದೆ. ವೈದ್ಯರು ಕಿತ್ತಳೆ ಬಣ್ಣದ ದ್ರವ ಹಾಕಿ ನೀಲಿ ಬೆಳಕು ಬಿಟ್ಟಾಗ ಹುಣ್ಣಾದ ಜಾಗ ಹಸಿರಾಗಿ ಹೊಳೆಯುತ್ತದೆ. ಬಳಿಕ ಕಣ್ಣನ್ನು ಮರಗಟ್ಟಿಸಿ, ಹುಣ್ಣಿನ ಅಂಚನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿಗೆ ಸವರುತ್ತಾರೆ. ಶಿಲೀಂಧ್ರದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಕಾಣಿಸುತ್ತವೆ.

ಇದಕ್ಕೆ ಮುಖ್ಯ ಔಷಧಿ ನಾಟಮೈಸಿನ್ ಹನಿ. ಮೊದಮೊದಲು ಗಂಟೆಗೊಮ್ಮೆ ಹಾಕಬೇಕು, ವಾರಗಟ್ಟಲೆ ಬಿಡದೆ ಹಾಕಬೇಕು. ದಕ್ಷಿಣ ಭಾರತದ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಹಳೆಯ ಔಷಧಿಯೇ ಹೊಸದಾದ ವೊರಿಕೊನಜೋಲ್‌ಗಿಂತ ಮೇಲೆನಿಸಿತು. ಎಡವಟ್ಟಾಗುವುದು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಯಿಂದ. ಕೆಂಪು ಇಳಿಯುತ್ತದೆ, ನೋವೂ ತಗ್ಗುತ್ತದೆ. ಒಳಗೆ ಶಿಲೀಂಧ್ರ ಮಾತ್ರ ಹಬ್ಬುತ್ತಲೇ ಇರುತ್ತದೆ. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಬಿಡುವುದೂ ಅಪಾಯವೇ. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿದು ‘ಹೂ ಬಿದ್ದ’ ಕಣ್ಣಾಗಬಹುದು. ಕಲೆ ಆಳಕ್ಕೆ ಇಳಿದಿದ್ದರೆ ಇಡೀ ಕಾರ್ನಿಯಾವನ್ನೇ ಬದಲಿಸಬೇಕಾಗುತ್ತದೆ.

ಹದಿಹರೆಯದವರನ್ನು ಕಾಡುವುದು ಕೆರಟೋಕೋನಸ್. ಕಾರ್ನಿಯಾ ತೆಳುವಾಗುತ್ತ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಕನ್ನಡಕದ ನಂಬರು ಪದೇಪದೇ ಬದಲಾಗುವುದು ಇದರ ಸುಳಿವು. ಅಲರ್ಜಿಯಿಂದ ಸದಾ ಕಣ್ಣುಜ್ಜುವ ಮಕ್ಕಳಲ್ಲಿ ಇದು ಹೆಚ್ಚು. ಬಿ2 ಜೀವಸತ್ವವಾದ ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಕಿರಣ ಹಾಯಿಸಿದರೆ ಕಾರ್ನಿಯಾದ ಎಳೆಗಳು ಬಿಗಿಯಾಗುತ್ತವೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ಈ ವಿಧಾನ ಕಾಯಿಲೆ ಮುಂದುವರಿಯದಂತೆ ತಡೆಯುತ್ತದೆ. ಚೆನ್ನಾಗಿ ಕಾಣಲು ಆಮೇಲೂ ಕನ್ನಡಕವೋ ವಿಶೇಷ ಕಾಂಟ್ಯಾಕ್ಟ್ ಲೆನ್ಸೋ ಬೇಕು.

ವಯಸ್ಸಾದವರಲ್ಲಿ ಸೋಲುವುದು ಹೆಚ್ಚಾಗಿ ಹಿಂಪದರ. ಅಲ್ಲಿನ ಒಂದೇ ಸಾಲಿನ ಜೀವಕೋಶಗಳು ಕಾರ್ನಿಯಾಕ್ಕೆ ಜಿನುಗುವ ನೀರನ್ನು ಸದಾ ಹೊರಹಾಕುತ್ತವೆ. ಸತ್ತ ಕೋಶಗಳ ಜಾಗಕ್ಕೆ ಹೊಸವು ಹುಟ್ಟುವುದಿಲ್ಲ. ಫ್ಯೂಕ್ಸ್ ಕಾಯಿಲೆಯಲ್ಲಿ, ಕೆಲವೊಮ್ಮೆ ಪೊರೆಯ ಶಸ್ತ್ರಚಿಕಿತ್ಸೆಯ ನಂತರ, ಅವು ಕಡಿಮೆಯಾಗಿ ಕಾರ್ನಿಯಾ ಊದಿಕೊಳ್ಳುತ್ತದೆ. ಬೆಳಿಗ್ಗೆ ಮಂಜುಮಂಜು, ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ವಾಸಿ. ಇಂಥವರಿಗೆ ದಾನಿಯ ಹಿಂಪದರವನ್ನಷ್ಟೇ ಸಣ್ಣ ಸೀಳಿನಿಂದ ಒಳಸೇರಿಸಿ, ಗಾಳಿಗುಳ್ಳೆಯ ಒತ್ತಡದಿಂದ ಅಂಟಿಸುತ್ತಾರೆ. ಅದು ಕೂರುವವರೆಗೆ ರೋಗಿ ಅಂಗಾತ ಮಲಗಿರಬೇಕು.

ಯಾವ ಪದರದ ಕಸಿಗೂ ದಾನಿಯ ಕಣ್ಣು ಬೇಕು. ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ಅದನ್ನು ಪಡೆಯಬೇಕು. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆ ತೆಗೆಸಿಕೊಂಡದ್ದು, ಯಾವುದೂ ದಾನಕ್ಕೆ ಅಡ್ಡಿಯಲ್ಲ.

ಕಸಿಯಾದವರು ಹನಿಗಳನ್ನು ತಾವಾಗಿ ನಿಲ್ಲಿಸುವಂತಿಲ್ಲ. ವರ್ಷಗಳ ನಂತರವೂ ದೇಹ ಕಸಿಯನ್ನು ತಿರಸ್ಕರಿಸಬಹುದು. ಕೆಂಪು, ನೋವು, ಬೆಳಕಿಗೆ ಚುಚ್ಚುವುದು, ನೋಟ ಮಸುಕಾಗುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ಬೇಗ ಹೋದರೆ ಅನೇಕರಲ್ಲಿ ಕಸಿ ಉಳಿಯುತ್ತದೆ.